ಶೆಟ್ಟೆವ್ವನ ಮುಖ, ಯಾರದೋ ಮೈ

೨೭ ಮಾರ್ಚ್ ೨೦೦೬, ಸೋಮವಾರ

ಸೀಮೆಎಣ್ಣೆಯಲ್ಲಿ ಬ್ರಶ್ ತೊಳೆದು ಕುಂತೆ. ಬರೆದಿಡಬೇಕು, ಮರೆಯಬಾರದು.

ಕಮಿಟಿ ಒಪ್ಪಿಕೊಂಡದ್ದು: ಓಣಿಯ ಹೊಸ ಸಮುದಾಯ ಭವನದಾಗ ಶೆಟ್ಟೆವ್ವನ ಆಳೆತ್ತರದ ಚಿತ್ರ. ಕೈಯಿಂದ ಬರೆದದ್ದು. ಬರೆಯುವವನು ನಾನು. ಬಣ್ಣ, ಬೋರ್ಡು ಅವರದು.

ಸಿಕ್ಕದ್ದು: ಬಣ್ಣ ಇಲ್ಲ. ಬೋರ್ಡು ಇಲ್ಲ. ಇವತ್ತಿನಿಂದ ಕೆಲಸವೂ ಇಲ್ಲ.

ಅಧ್ಯಕ್ಷ ಸೋಮಪ್ಪ ಚಹಾದಂಗಡಿ ಮುಂದೆ ನಿಂತೇ ಹೇಳಿದ. "ಅರ್ಜುನಾ, ಫ್ಲೆಕ್ಸ್ ಮಾಡಸ್ತೇವೋ. ಮುನವಳ್ಳಿ ಕಲ್ಮೇಶ ಒಂದ ತಾಸಿನ್ಯಾಗ ತಗದ ಕೊಡತಾನ. ನೀ ವಾರಗಟ್ಟಲೆ ಕುಂಡರತಿ."

"ಕರೆಂಟ್ ಇದ್ರ ಒಂದ ತಾಸು."

ನಕ್ಕ. ನಾನು ನಗಲಿಲ್ಲ. ದಲಿತ ಸಂಘಟನೆಯ ಘೋಷಣೆ ಊರ ಗ್ವಾಡಿಗಳ ಮ್ಯಾಲೆ ಬರೆದದ್ದು ಇದೇ ಕೈ. ಒದೆ ತಿಂದು ಬರೆದದ್ದು. ಆಗ ಯಾರೂ ತಾಸು ಕೇಳಲಿಲ್ಲ.

೩೦ ಮಾರ್ಚ್

ಮುನವಳ್ಳಿಗೆ ಹೋಗಿದ್ದೆ, ಕಲ್ಮೇಶನ ಅಂಗಡಿಗೆ. ಕಂಪ್ಯೂಟರಿನಾಗ ಶೆಟ್ಟೆವ್ವ. ರೇಶನ್ ಕಾರ್ಡಿನ ಫೋಟೋದಿಂದ ಮುಖ ಕತ್ತರಿಸ್ಯಾನ. ಬೆಳ್ಳಗ ಮಾಡ್ಯಾನ. ಹುಬ್ಬಿನ ಮ್ಯಾಲಿನ ಗಾಯದ ಗುರುತು ಇಲ್ಲ. ನಮ್ಮ ಓಣಿಯವರನ್ನ ಮುಟ್ಟಗೊಡದ ಊರ ಬಾವಿಗೆ ಮೊದಲ ಕೊಡ ಇಳಿಸಿದ ದಿನ ಬಿದ್ದ ಕಲ್ಲಿನ ಗಾಯ ಅದು. ಆ ಗಾಯಕ್ಕಾಗಿಯೇ ಅಲ್ಲೇನು ಭವನದಾಗ ಆಕಿ ಚಿತ್ರ?

ಮುಖದ ಕೆಳಗೆ ಯಾರದೋ ಮೈ. ರೇಷ್ಮೆ ಸೀರೆ, ಹಸಿರು ಬಳೆ, ಕೊರಳಾಗ ತಾಳಿ.

"ಆಕಿ ಗಂಡ ಸತ್ತು ಯಾವ ಕಾಲಾತೋ!"

"ರೆಡಿಮೇಡ್ ಮೈ ಅಣ್ಣಾರ." ಮೌಸ್ ಮ್ಯಾಲಿನ ಕೈ ತೆಗೆಯಲಿಲ್ಲ. "ಆ ಮುಖಕ್ಕ ಇದೊಂದ ಸರಿ ಕುಂತಿತು. ತಾಳಿ ಬ್ಯಾಡಂದ್ರ ಅಳಸ್ತೇನಿ."

ಕೆಟ್ಟವನಲ್ಲ. ಚಹಾ ತರಿಸಿದ. ಆಕಿಗೆ ತೋರಸ್ರಿ ಅಂತ ಒಂದು ಪ್ರಿಂಟ್ ಕೊಟ್ಟ.

೩೧ ಮಾರ್ಚ್, ಸಂಜೆ

ಶೆಟ್ಟೆವ್ವ ಅಂಗಳದಾಗ ಶೇಂಗಾ ಒಡೆಯುತ್ತಿದ್ದಳು. ಪ್ರಿಂಟ್ ನೋಡಿ ಬೈತಾಳ ಅಂದುಕೊಂಡೆ. ನಕ್ಕಳು.

"ಚಂದ ಅದಾಳ. ಯಾರ ಮನಿಯಾಕಿ?"

"ನೀನ ಬೇ ಯವ್ವಾ."

ಕೈ ಒರೆಸಿಕೊಂಡಳು. ತಾಳಿಯ ಮ್ಯಾಲೆ ಬೆರಳಿಟ್ಟಳು.

"ಇದನ್ನ ಹರದಾಗ ಊರ ನೋಡೇತಿ. ಈಗ ಊರ ಮುಂದ ಮತ್ತ ಕಟ್ಟತೀರೇನು? ...ನೀ ಬರಿ. ನಾ ಇದ್ದಂಗ ಬರಿ."

ಹಳೇ ಸಿನಿಮಾ ಬೋರ್ಡಿಗೆ ಬಿಳಿ ಬಳಿದೆ. ಕಮಿಟಿ ಏನಾದರೂ ಅನ್ನಲಿ.

೨ ಏಪ್ರಿಲ್

ಬೋರ್ಡು ಶೆಟ್ಟೆವ್ವನ ಅಂಗಳಕ್ಕೆ ಹೊತ್ತು ತಂದೆ. ಇಷ್ಟು ವರ್ಷ ಫೋಟೋಕ್ಕೆ ಚೌಕ ಎಳೆದು, ಬೋರ್ಡಿಗೂ ಚೌಕ ಎಳೆದು, ಚೌಕ ನೋಡಿ ಚೌಕ ತುಂಬಿದವ. ಜೀವಂತ ಮುಖಕ್ಕೆ ಎಲ್ಲಿ ಎಳೆಯಲಿ? ಅಲ್ಲಾಡತಾಳ. ಕೋಳಿ ಓಡಸ್ತಾಳ. ಸುಮ್ಮ ಕುಂಡ್ರಬೇ ಅಂದ್ರ — "ಸುಮ್ಮ ಕುಂಡ್ರಾಕ ನಾ ಏನ ಹೆಣಾನೋ?"

ಹಂಗಾದರ ಶೇಂಗಾ ಒಡಿ ಅಂದೆ. ಕೈ ಆಡಿತು, ಮುಖ ನಿಂತಿತು. ಗಾಯವೂ ಬಂತು.

೮ ಏಪ್ರಿಲ್, ಶನಿವಾರ

ಮುಗಿಯಿತು ಅಂದುಕೊಂಡಿದ್ದೆ. ಸೀರೆಗೆ ನೀಲಿ ಹಚ್ಚಿದ್ದೆ — ನಮ್ಮ ಬಾವುಟದ ನೀಲಿ. ಕೇಳಬೇಕು ಅನಿಸಲೇ ಇಲ್ಲ.

ಎದ್ದು ಬಂದು ನೋಡಿದಳು. ತನ್ನ ಹುಬ್ಬು ಮುಟ್ಟಿಕೊಂಡಳು. ಆಮೇಲೆ ಸೀರೆ.

"ಇದ್ಯಾರದೋ?"

"ಚಳವಳಿ ಬಣ್ಣ ಬೇ."

"ಬಾವಿಗಿ ಹೋದಾಗ ನಾ ಉಟ್ಟದ್ದು ಇಟ್ಟಂಗಿ ಬಣ್ಣದ ಸೀರಿ. ಇಕಾ, ಈಗೂ ಅದರಂಥಾದ್ದ ಉಟ್ಟೇನಿ. ಅವ ರೇಷ್ಮಿ ಉಡಿಸಿದ, ನೀ ನೀಲಿ ಉಡಿಸಿದಿ. ನನ್ನ ಸೀರಿ ನನಗ ಯಾರ ಉಡಸ್ತೀರೋ?"

ಬ್ರಶ್ ಕೆಳಗಿಟ್ಟೆ. ಕಲ್ಮೇಶನಿಗೆ ಜೋರು ಮಾಡಿದವ ನಾನು. ದಿನಾ ಎದುರಿಗೇ ಇತ್ತು ಆ ಸೀರೆ... ನೋಡಲಿಲ್ಲ.

೯ ಏಪ್ರಿಲ್, ರವಿವಾರ

ಆಕೆಯ ಅಂಗಳದಾಗ ನೀಲಿ ಕೆರೆಯುತ್ತ ಕುಂತಿದ್ದೆ. ಸೋಮಪ್ಪ ಬಂದ.

"ಯವ್ವಾ, ಶುಕ್ರವಾರ ಹದಿನಾಲ್ಕಕ್ಕ, ಜಯಂತಿ ದಿನಾನ ಉದ್ಘಾಟನೆ. ಫ್ಲೆಕ್ಸ್ ತರಾಕ ಹೊಂಟೇನಿ. ದೀಪಾ ಹಚ್ಚಾಕ ನೀನ ಬರಬೇಕ."

ಬುಟ್ಟಿಯಿಂದ ತಲೆ ಎತ್ತಲಿಲ್ಲ ಆಕೆ. "ಫ್ಲೆಕ್ಸಿನ್ಯಾಕಿನ್ನ ಕರಕೊಂಡ ಹೋಗೋ. ರೇಷ್ಮಿ ಉಟಗೊಂಡ ತಯಾರ ನಿಂತಾಳ. ಆಕೀನ ಹಚ್ಚಲಿ."

ಸೋಮಪ್ಪ ನನ್ನ ನೋಡಿದ. ಬೋರ್ಡು ನೋಡಿದ. ಹುಬ್ಬಿನ ಗಾಯದ ಮ್ಯಾಲೆ ಅವನ ಕಣ್ಣು ನಿಂತದ್ದು ಕಂಡೆ. ಆ ದಿನ ಅವನೂ ಆಕೆಯ ಜೋಡಿ ಬಾವಿಯ ಹತ್ತಿರ ಇದ್ದ.

"ಶುಕ್ರವಾರದೊಳಗ ಒಣಗತೈತೇನೋ?"

"ಮಂಗಳವಾರ ಮುಗಸಿದ್ರ ಒಣಗತೈತಿ."

"ಮಂಗಳವಾರ ಸಂಜಿ ಬರತೇನಿ. ಆಗಿರಲಿಲ್ಲಂದ್ರ ಮುನವಳ್ಳಿಗೆ ಹೊಂಟೆ, ನೋಡ ಮತ್ತ."

ಹೋದ. ಬೋರ್ಡಿನ ಮ್ಯಾಲೆ ಮುಖ ಐತಿ, ಕೈ ಐತಿ. ನಡುವೆ ಏನೂ ಇಲ್ಲ. ಮನೆಗೆ ಬಂದು ಕೆಂಪಿಗೆ ಹಳದಿ, ಚೂರು ಕಪ್ಪು ಕೂಡಿಸಿ ನೋಡಿದೆ. ನೆನಪಿನ ಮ್ಯಾಲೆ ಆಗೂದಿಲ್ಲ. ಆಕೆ ಎದುರು ಕುಂಡರಬೇಕು.

ನಾಳೆ, ಸೋಮವಾರ. ಮುಂಜಾನೆ ಏಳು ಗಂಟೆ. ಶೆಟ್ಟೆವ್ವನ ಅಂಗಳ. ಬಿಸಿಲು ಏರುವುದರೊಳಗೆ ಸೆರಗು ಮುಗಿಯಬೇಕು.