ಸುಟ್ಟ ಬಟ್ಟೆಗೆ ಹಾಕಿದ ಹೊಲಿಗೆ

ಅತ್ತೆಗೆ ನಮಸ್ಕಾರ.

ನಿಮ್ಮ ಮಗನ ಅಂಗೈಗೆ ತಾಗಿದ್ದು ಹೊಲಿಗೆ ಯಂತ್ರದ ಸೂಜಿಯಲ್ಲ. ನಾನೇ ಕತ್ತರಿಯಿಂದ ಚುಚ್ಚಿದೆ. ಅದು ವಾರದಲ್ಲಿ ಮಾಯುತ್ತದೆ.

ನನ್ನದು ಮಾಯುತ್ತಿಲ್ಲ. ಹಿಂದೆ ಕ್ಯಾನ್ಸರಿಗೆ ರೇಡಿಯೇಶನ್ ಕೊಟ್ಟಿದ್ದ ಸ್ತನವನ್ನೇ ಈಗ ತೆಗೆದಿದ್ದಾರೆ. ರೇಡಿಯೇಶನ್‌ಗೆ ಸುಟ್ಟ ಚರ್ಮದಲ್ಲಿ ಹೊಲಿಗೆ ನಿಲ್ಲದೆ ಗಾಯ ಎರಡು ಸಲ ಬಿಚ್ಚಿಕೊಂಡಿತು. ಇಸ್ತ್ರಿಗೆ ಸುಟ್ಟ ಬಟ್ಟೆ ದಾರ ಹಿಡಿಯುವುದಿಲ್ಲವೆಂದು ದರ್ಜಿಯಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರನೇ ಸಲ ಬಿಚ್ಚಿದವರು ನಿಮ್ಮ ಮಗ. "ಉಣ್ಣೋವಾಗ ಎದುರಿಗೆ ಬರಬೇಡ ಅಂದಿಲ್ವಾ, ಕೀವು ನಾರುತ್ತೆ" ಎಂದು ಮೊಣಕೈಯಿಂದ ಅಲ್ಲಿಗೇ ತಿವಿದರು. ತಟ್ಟೆಗೂ ರಕ್ತ ಚಿಮ್ಮಿತು. ಕತ್ತರಿ ಕೈಗೆಟಕುವಲ್ಲೇ ಇತ್ತು.

ಸೋಮವಾರ ನನ್ನನ್ನು ಈ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ. ಅಷ್ಟರೊಳಗೆ ನಿಮ್ಮ ಮಗನನ್ನು ನಿಮ್ಮಲ್ಲಿಗೆ ಕರೆಸಿಕೊಳ್ಳಿ. ಆಗದಿದ್ದರೆ ಆ ಕತ್ತರಿಗೆ ಸಾಣೆ ಹಿಡಿಸಿಡಿ. ಮೊಂಡಾಗಿತ್ತು, ಅಂಗೈಯಲ್ಲೇ ನಿಂತುಬಿಟ್ಟಿತು.

ನಿಮ್ಮ ಸೊಸೆ