ಅಣ್ಣನ ಹೆಸರಿನಲ್ಲಿ ಕೊಟ್ಟ ರಕ್ತ

ಕೊಪ್ಪ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಸುಮಲತಾ ಅತ್ತಿಗೆಗೆ,

ನಿಮ್ಮ ಮೈದುನ ಮೋಹಿತನ ನಮಸ್ಕಾರ. ಕ್ಷೇಮವೇ ಎಂದು ಕೇಳುವ ಮುಖ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಆದ್ದರಿಂದ ಕೇಳುವುದಿಲ್ಲ.

ಭಾನುವಾರದಿಂದ ನಿಮ್ಮ ಫೋನಿಗೆ ಹದಿನಾಲ್ಕು ಸಲ ಮಾಡಿದೆ. ನೀವು ಎತ್ತಲಿಲ್ಲ. ಒಳ್ಳೆಯದೇ ಆಯಿತು. ಫೋನಿನಲ್ಲಿ ಹೇಳಿದ್ದನ್ನು ನಾಳೆ ಹೇಳಿಯೇ ಇಲ್ಲ ಅನ್ನಬಹುದು, ಕಾಗದದ ಕೆಳಗೆ ಸಹಿ ಇರುತ್ತದೆ. ಇದನ್ನು ನಿಮ್ಮ ಅಮ್ಮ ಗಿರಿಯಮ್ಮನವರಿಗೆ ಓದಿ ಹೇಳಿ. ನಿಮ್ಮ ತವರು ನೆಮ್ಮಾರಿನಲ್ಲಿ ಯಾರಿಗೆ ಬೇಕಾದರೂ ತೋರಿಸಿ. ಬಸ್ಸಿನಲ್ಲಿ ಕೊಟ್ಟು ಕಳಿಸಿದರೆ ಕಂಡಕ್ಟರ್ ಆಗಿರುವ ನಮ್ಮಣ್ಣನ ಕೈಗೇ ಸಿಗುತ್ತದೆ ಎಂದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ಮೊದಲು ವಿಷಯ ಹೇಳುತ್ತೇನೆ. ಕಾವ್ಯಳ ಅಪ್ಪನ ಹೆಸರಿನಲ್ಲಿ ಕೊಟ್ಟ ರಕ್ತ ಅಣ್ಣನದಲ್ಲ. ನನ್ನದು.

ಫೆಬ್ರವರಿಯಲ್ಲಿ ನಮ್ಮ ಕಾವ್ಯಳ ಹಾಗೆ ಆಟಿಸಂ ಇರುವ ಮಕ್ಕಳ ಮನೆಯವರ ರಕ್ತ ತೆಗೆದುಕೊಳ್ಳಲು ಅಧ್ಯಯನದವರು ಬಂದಿದ್ದರಲ್ಲ, ಕೊಪ್ಪದ ಕ್ಯಾಂಪಿನಲ್ಲಿ ನೀವು ಮತ್ತು ಕಾವ್ಯ ಕೊಟ್ಟಿರಿ. ಅಣ್ಣನಿಗೆ ಅವತ್ತು ಡ್ಯೂಟಿ. ಮುಂದಿನ ವಾರ ನರಸಿಂಹರಾಜಪುರದ ಕ್ಯಾಂಪಿಗೆ ಬಂದು ಕೊಡಲಿ ಅಂದಿದ್ದರು. ಅಲ್ಲಿಗೆ ಹೋದವನು ನಾನು. ಅಣ್ಣ ಹೇಳಿದ, ನಾನು ಹೋದೆ. ನಮ್ಮಿಬ್ಬರ ಮುಖ ಹೆಚ್ಚುಕಡಿಮೆ ಒಂದೇ ಥರ ಇದೆ, ಯಾರೂ ಕೇಳಲಿಲ್ಲ. ಫಾರಂ ಮೇಲೆ ಧರ್ಮೇಶ್ ಎಂದು ಸಹಿ ಹಾಕಿದೆ. ಮಾಷ್ಟರರಿಗೆ ಸುಳ್ಳು ಹೇಳಲು ಒಪ್ಪದೆ ಪಿಯುಸಿ ಅರ್ಧಕ್ಕೆ ಬಿಟ್ಟು ಬಂದವನು ಅಂತ ಜಂಬ ಕೊಚ್ಚುತ್ತಿದ್ದವನು ನಾನೇ.

ಆಮೇಲೆ ನಾನು ಶೃಂಗೇರಿಯ ಬೈಕ್ ಗ್ಯಾರೇಜಿಗೆ ಕೆಲಸಕ್ಕೆ ಸೇರಿದೆ. ದೀಪಾವಳಿಗೆ ಬಂದಾಗ ನೀವಿರಲಿಲ್ಲ. ಕೇಳಿದರೆ ತವರಿಗೆ ಹೋಗಿದ್ದಾಳೆ ಅಂದರು, ನಂಬಿದೆ. ಮೊನ್ನೆ ಭಾನುವಾರ ಮತ್ತೆ ಊರಿಗೆ ಬಂದಾಗ ಪಕ್ಕದ ಮನೆಯ ಶಾಂತಕ್ಕ ಬೇಲಿ ಹತ್ತಿರ ತಡೆದು, "ಊರಿಗೆಲ್ಲ ಗೊತ್ತಾಗಿದೆ, ನಿಂಗೊಬ್ಬನಿಗೆ ಗೊತ್ತಿಲ್ವನಾ ಮಾರಾಯ? ಆ ಕೂಸು ಧರ್ಮೇಶಂದೇ ಅಲ್ವಂತೆ. ರಕ್ತ ಪರೀಕ್ಷೆಲಿ ಬಂದಿದ್ಯಂತೆ" ಅಂದರು.

ಸೀದಾ ಬಸ್ ಸ್ಟ್ಯಾಂಡಿಗೆ ಹೋದೆ. ಅಣ್ಣ ಟೀ ಕುಡಿಯುತ್ತಿದ್ದ. ಅವನು ಹೇಳಿದ್ದು ಇಷ್ಟು. ನಿಮ್ಮ ಕುಟುಂಬದ ಮಾದರಿಗಳನ್ನು ಅಧ್ಯಯನದಿಂದ ಕೈಬಿಡಲಾಗಿದೆ ಎಂದು ಆಗಸ್ಟಿನಲ್ಲಿ ಒಂದು ಪತ್ರ ಬಂತು. ಯಾಕೆ ಎಂದು ಅಣ್ಣ ಕ್ಯಾಂಪಿನಲ್ಲಿ ಫಾರಂ ತುಂಬಿಸುತ್ತಿದ್ದವನಿಗೆ ಫೋನ್ ಮಾಡಿದ. ಆ ಪುಣ್ಯಾತ್ಮ ಬಾಯಿ ಬಿಟ್ಟ: "ಅಪ್ಪಂಗೂ ಮಗೂಗೂ ತಾಳೆ ಆಗ್ಲಿಲ್ಲ." ಅಷ್ಟಕ್ಕೇ ಅಣ್ಣ ಮನೆಗೆ ಬಂದು ನಿಮ್ಮನ್ನು ನಿಲ್ಲಿಸಿ ಕೇಳಿದ್ದಾನೆ. ಅಪ್ಪಯ್ಯ "ಮಗು ಯಾರದ್ದು ಹೇಳಿ ಒಳಗೆ ಬಾ" ಅಂದಿದ್ದಾರೆ.

"ರಕ್ತ ನಂದು ಅಂತ ನಿಂಗೆ ಗೊತ್ತಿತ್ತಲ್ಲ, ಬಾಯಲ್ಲಿ ಎಂತ ಇಟ್ಕೊಂಡಿದ್ದೆ?" ಅಂದೆ.

ಅವನು ಲೋಟ ಕೆಳಗಿಡದೆ ಹೇಳಿದ, "ನಿಂದಾದ್ರೆ ಎಂತ, ನಂದಾದ್ರೆ ಎಂತ? ಅಣ್ಣ ತಮ್ಮಂದು ಒಂದೇ ರಕ್ತ. ನಿಂದು ತಾಳೆ ಆಗ್ಲಿಲ್ಲ ಅಂದ್ರೆ ನಂದೂ ಆಗುದಿಲ್ಲ."

ಅತ್ತಿಗೆ, ಅವನು ಇದನ್ನು ನಂಬಿಯೇ ಹೇಳಿದ. ಅದೇ ನನಗೆ ತಡೆಯಲಾಗದ್ದು. ನಿಜ ಗೊತ್ತಿದ್ದೂ ಬಚ್ಚಿಟ್ಟಿದ್ದರೆ ಕಳ್ಳ ಅನ್ನಬಹುದಿತ್ತು. ಇವನು ತಿಳಿದವರನ್ನು ಒಂದು ಮಾತು ಕೇಳದೆ, ತನಗೆ ತೋಚಿದ್ದನ್ನೇ ತೀರ್ಪು ಮಾಡಿ ನಿಮ್ಮನ್ನು ಬಸ್ಸು ಹತ್ತಿಸಿದ್ದಾನೆ!

ಸೋಮವಾರ ಬೆಳಿಗ್ಗೆ ಆ ಪತ್ರದಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. ಡಾಕ್ಟರ್ ಮೇಡಂ ಸಿಕ್ಕಿದರು. ಮಾಡಿದ್ದನ್ನೆಲ್ಲ ಹೇಳಿದೆ. ಮೊದಲು ಚೆನ್ನಾಗಿ ಬೈದರು. ಬೇರೆಯವರ ಹೆಸರಿನಲ್ಲಿ ಹತ್ತು ಜನ ರಕ್ತ ಕೊಟ್ಟರೆ ನೂರಾರು ಮನೆಯವರು ನಂಬಿ ಕೊಟ್ಟದ್ದೂ ಹಾಳಾಗುತ್ತದೆ ಅಂದರು. ಬಾಯಿ ಮುಚ್ಚಿಕೊಂಡು ಕೇಳಿದೆ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ನನಗೆ ತಿಳಿದಷ್ಟು ಬರೆಯುತ್ತೇನೆ.

ಪ್ರತಿಯೊಂದು ಜೀನಿನದೂ ಅಪ್ಪನಲ್ಲಿ ಎರಡು ಪ್ರತಿ ಇರುತ್ತದೆ, ಅಮ್ಮನಲ್ಲಿ ಎರಡು. ಮಗುವಿಗೆ ಒಬ್ಬೊಬ್ಬರಿಂದ ಒಂದೊಂದು ಹೋಗುತ್ತದೆ. ಯಾವುದು ಹೋಗುತ್ತದೆ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ, ಯಾರ ಕೈಯಲ್ಲೂ ಇಲ್ಲ. ಒಂದು ಜೀನಿಗೂ ಆಟಿಸಂಗೂ ಸಂಬಂಧ ಇಲ್ಲದಿದ್ದರೆ ಎರಡು ಪ್ರತಿಗಳೂ ಹೆಚ್ಚುಕಡಿಮೆ ಸಮ ಸಮ ಹೋಗಿರಬೇಕು. ನೂರಾರು ಮನೆಗಳಲ್ಲಿ ಒಂದೇ ಬಗೆಯ ಪ್ರತಿ ಅರ್ಧಕ್ಕಿಂತ ತೀರಾ ಹೆಚ್ಚು ಸಲ ಮಕ್ಕಳಿಗೆ ಹೋಗಿದ್ದರೆ ಆಗ ಆ ಜೀನಿನ ಮೇಲೆ ಅನುಮಾನ ಪಡುತ್ತಾರೆ. ಅಂದರೆ ಮಗುವಿಗೆ ಕೊಟ್ಟದ್ದನ್ನು, ಅದೇ ಅಪ್ಪ ಅಮ್ಮ ಕೊಡದೆ ಉಳಿದದ್ದರ ಜೊತೆ ಹೋಲಿಸುತ್ತಾರೆ. ಪಕ್ಕದ ಮನೆಯ ಮಗುವಿನ ಜೊತೆ ಅಲ್ಲ. ಅದನ್ನು ಮಾಡುವವರು ನಮ್ಮ ಊರಿನವರು.

ಒಂದೇ ಮನೆಯ ರಕ್ತ ನೋಡಿ ಇದು ಯಾರ ಕಡೆಯಿಂದ ಬಂತು ಎಂದು ಹೇಳಲು ಈ ವಿಧಾನದಿಂದ ಆಗುವುದೇ ಇಲ್ಲವಂತೆ. ಅಣ್ಣ ತನ್ನ ಕಡೆಯ ದೋಷ ಹೊರಗೆ ಬರುತ್ತದೆ ಎಂದು ಹೆದರಿ ನನ್ನನ್ನು ಕಳಿಸಿದ್ದು. ಯಾರಿಂದಲೂ ಹೇಳಲಾಗದ ಮಾತಿಗೆ ಹೆದರಿದ್ದು!

ಇನ್ನು ತಾಳೆಯ ವಿಷಯ. ಎಣಿಸುವ ಮೊದಲು ಮೂವರ ರಕ್ತ ಒಂದಕ್ಕೊಂದು ಹೊಂದುತ್ತದೆಯೇ ನೋಡುತ್ತಾರೆ. ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ್ದು ಮಗುವಿನಲ್ಲಿ ಹಲವು ಕಡೆ ಕಂಡರೆ ಆ ಮನೆಯನ್ನು ಬಿಟ್ಟುಬಿಡುತ್ತಾರೆ. ಟ್ಯೂಬು ಅದಲು ಬದಲಾದರೂ ಹಾಗಾಗುತ್ತದೆ, ಕಾರಣವನ್ನು ಯಾರಿಗೂ ಹೇಳುವಂತಿಲ್ಲ, ಹೇಳಿದವನದ್ದು ದೊಡ್ಡ ತಪ್ಪು ಅಂದರು. "ಅಪ್ಪನ ಜಾಗದಲ್ಲಿ ಚಿಕ್ಕಪ್ಪ ಕೂತರೆ ತಾಳೆ ಆಗುವುದಿಲ್ಲಪ್ಪ. ನಿಮ್ಮ ಅಪ್ಪ ನಿಮ್ಮ ಅಣ್ಣನಿಗೆ ಕೊಟ್ಟದ್ದೇ ಬೇರೆ, ನಿಮಗೆ ಕೊಟ್ಟದ್ದೇ ಬೇರೆ" ಅಂದರು.

ಸಂಜೆ ಅಪ್ಪಯ್ಯ, ಅಮ್ಮ, ಅಣ್ಣ ಮೂವರನ್ನೂ ಕೂರಿಸಿ ಇಷ್ಟನ್ನೂ ಹೇಳಿದೆ. ಅಪ್ಪಯ್ಯ ಎದ್ದು ಹೊರಗೆ ಹೋದರು. ಅಣ್ಣ, "ಆಯ್ತು ಮಾರಾಯ, ಭಾನುವಾರ ಹೋಗಿ ಕರ್ಕೊಂಡು ಬರುವ. ಆದ್ರೆ ಅಲ್ಲಿ ಆ ವಿಷ್ಯ ಎತ್ತುದು ಬೇಡ" ಅಂದ.

"ಮತ್ತೆ ಎಂತ ಹೇಳ್ತೀಯ ಅಲ್ಲಿ?"

"ಹಳೇದೆಲ್ಲ ಮರ್ತು ಬಾ ಅಂತ."

ಕೇಳಿದಿರಾ? ಮರೆಯಬೇಕಾದವರು ನೀವಂತೆ! ನಿಮ್ಮನ್ನು ದೊಡ್ಡ ಮನಸ್ಸು ಮಾಡಿ ವಾಪಸು ಕರೆತಂದ ಗಂಡ ಎಂದು ಊರವರು ಅವನನ್ನೇ ಹೊಗಳುತ್ತಾರೆ. ಅದಕ್ಕೇ ಅವನಿಗಿಂತ ಮೊದಲು ಈ ಕಾಗದ ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ. ಬನ್ನಿ ಎಂದೂ ಹೇಳುವುದಿಲ್ಲ, ಬರಬೇಡಿ ಎಂದೂ ಹೇಳುವುದಿಲ್ಲ, ಅಷ್ಟು ದೊಡ್ಡವನಲ್ಲ. ಆದರೆ ಅಣ್ಣ ನಿಮ್ಮ ಜಗಲಿಯಲ್ಲಿ ನಿಂತು ಎಲ್ಲರ ಎದುರು ನಡೆದದ್ದನ್ನು ಹೇಳುವ ತನಕ ಅವನಿಗೆ ಒಂದು ಲೋಟ ನೀರನ್ನೂ ಕೊಡಬೇಡಿ. ನಾನೂ ಅದೇ ಬಸ್ಸಿನಲ್ಲಿ ಬರುತ್ತೇನೆ. ಅವನು ಹೇಳದಿದ್ದರೆ ನಾನು ಹೇಳುತ್ತೇನೆ.

ಕಾವ್ಯಳಿಗೆ ಏಳು ವರ್ಷ. ಎಷ್ಟು ಬಸ್ಸು ಹೋದರೂ ಅವಳಪ್ಪನ ಬಸ್ಸಿನ ಹಾರ್ನಿಗೆ ಮಾತ್ರ ಗೇಟಿಗೆ ಓಡುತ್ತಿದ್ದಳು. ಅವಳಿಗೆ ಯಾವ ಪರೀಕ್ಷೆಯೂ ಬೇಕಾಗಿರಲಿಲ್ಲ.

ಈ ಸಲ ನನ್ನದೇ ಹೆಸರಿನಲ್ಲಿ,
ಮೋಹಿತ್

ತಾ.ಕ.: ಮೇಲೆ ಒಂದು ಸುಳ್ಳು ಉಳಿದಿದೆ, ಅಂಟಿಸುವ ಮೊದಲು ಓದಿ ನೋಡಿದಾಗ ಬಿಡಲು ಮನಸ್ಸಾಗಲಿಲ್ಲ. ನನ್ನನ್ನು ಕಳಿಸಿದ್ದು ಅಣ್ಣ ಅಲ್ಲ, ಅಮ್ಮ. ಅಣ್ಣ ಒಪ್ಪಿದ, ಅಷ್ಟೇ. ಅಮ್ಮನಿಗೆ ಮಾತು ಬಾರದ ಒಬ್ಬ ತಮ್ಮ ಇದ್ದನಂತೆ. ಮದುವೆಯಾಗಿ ಬಂದಾಗ ಇದೇ ಮನೆಯಲ್ಲಿ ಅವಳೂ ಅದಕ್ಕೆ ಮಾತು ಕೇಳಿದ್ದಾಳೆ. "ಧರ್ಮೇಶ ನನ್ನ ಕಡೆಯ ಅಚ್ಚು, ನೀನು ಅಪ್ಪಯ್ಯನ ಕಡೆ. ನೀನೇ ಹೋಗು, ನಿನ್ನ ರಕ್ತದಲ್ಲಿ ಎಂತದೂ ಸಿಕ್ಕುದಿಲ್ಲ" ಅಂದಿದ್ದಳು. ನಿಮ್ಮನ್ನು ನಿಲ್ಲಿಸಿ ಕೇಳಿದ ದಿನ ಅವಳಿಗೆ ಎಲ್ಲ ಗೊತ್ತಿತ್ತು. ಈಗ ಈ ಸಾಲುಗಳನ್ನು ಅವಳಿಗೆ ಓದಿ ಹೇಳಿದೆ. "ನನ್ನ ಹೆಸರು ಒಂದು ಬರಿಬೇಡ ಮಗ" ಅಂದಳು. ನಿಮ್ಮ ಹೆಸರು ಊರಿನ ಬಾಯಿಗೆ ಬಿದ್ದಾಗ ಅವಳು ಬೇಡ ಅನ್ನಲಿಲ್ಲ. ಅದಕ್ಕೇ ಬರೆದಿದ್ದೇನೆ: ತುಂಗಮ್ಮ.