ಸೋಮವಾರ ನೊಗ ಹೂಡದ ಕಾರು

ರಾಜಿಯ ಅಪ್ಪನಿಗೆ,

ಬದುಕಿದ್ದಾಗ ನನ್ನ ಮಾತು ಮುಗಿಯುವ ಮೊದಲೇ ಎದ್ದು ಟವಲ್ಲು ಕೊಡವಿ ಹೊರಟುಬಿಡುತ್ತಿದ್ದಿರಿ. ಈಗ ಎಲ್ಲಿಗೆ ಏಳುತ್ತೀರಿ? ಹೊಲದ ಬದುವಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂರಿಸಿ ಕುತ್ತಿಗೆಯ ಮೇಲಕ್ಕೂ ಮಣ್ಣು ಎಳೆದಿದ್ದಾರೆ. ಕೂತು ಕೇಳಿ. ಚಾಮರಾಜನಗರದ ತವರಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದು, ಕೈ ಸರಿಯಾಗಿ ತಿರುಗುವುದಿಲ್ಲ. ಆದರೆ ಬಾಯಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ನನ್ನ ಮಾತು ಕೇಳುವ ಕಿವಿ ಯಾವುದಿದೆ ಹೇಳಿ.

ಕಾರು ತಂದ ದಿನ ನೆನಪಿದೆಯಾ? ಗೂಡಲೂರಿನ ಟೀ ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ, ಕೆಳಗಿನ ಹೊಲ ಮಾರಿ ಅವನ ಹಳೇ ಕಾರನ್ನು ಕೊಂಡು, ಊರ ಬಾಗಿಲಿನಿಂದಲೇ ಹಾರನ್ ಒತ್ತುತ್ತ ಬಂದಿರಿ. ಹಟ್ಟಿಯಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅತ್ತೆ ಆರತಿ ಎತ್ತಿದರು. ನೀವು ಕಾರಿನ ಮೂತಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು "ಇವತ್ನಿಂದ ಇವ್ನು ನಮ್ ಬಸವ" ಅಂದಿರಿ. ನಾನು ನಕ್ಕೆ. ಆವತ್ತು ನಗಬಾರದಿತ್ತೇನೋ, ಯಾಕೆಂದರೆ ನೀವು ತಮಾಷೆಗೆ ಹೇಳಿರಲಿಲ್ಲ. ಬಂದ ಮೊದಲನೇ ಸೋಮವಾರವೇ ಕಾರನ್ನು ಕೊಟ್ಟಿಗೆಯಿಂದ ತೆಗೆಯಲಿಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು, ಅದು ಶಿವನ ದಿನ, ಎತ್ತು ದಣಿವಾರಿಸಿಕೊಳ್ಳುವ ದಿನ ಅನ್ನುವುದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಕಾರಿಗೆ? ಕೇಳಿದರೆ, "ವಾರೆಲ್ಲಾ ನಮ್ನ ಒತ್ಕಂಡು ತಿರುಗ್ತದೆ ಕಣಮ್ಮಿ. ಇದ್ಕೂ ಒಂದಿನ ದಣಿವಾರ್ಸ್ಕಳಕ್ಕೆ ಬುಡು" ಅಂದಿರಿ. ಪೆಟ್ರೋಲ್ ಕುಡಿಯುವ ಎತ್ತು ನಿಮ್ಮದೊಂದೇ ಇರಬೇಕು ಈ ಸೀಮೆಯಲ್ಲಿ.

ರಾಜಿ ದೊಡ್ಡವಳಾದ ವಾರ ನಿಮ್ಮ ದೊಡ್ಡಪ್ಪ ಜಗಲಿಯ ಮೇಲೆ ಬಂದು ಕೂತು, "ಇನ್ ಇಸ್ಕೂಲು ಬುಡ್ಸು ಕಣ್ಲಾ" ಅಂದರಲ್ಲ. ನಮ್ಮೂರು ಮದ್ದೂರಿನ ಕಾಡಿನ ಅಂಚಿಗಿದೆ, ಗುಂಡ್ಲುಪೇಟೆಯ ಸ್ಕೂಲಿಗೆ ಹೋಗುವ ದಾರಿಯಲ್ಲಿ ಬೆಳಗಿನ ಹೊತ್ತು ಆನೆ ಇನ್ನೂ ರಸ್ತೆ ಬಿಟ್ಟಿರುವುದಿಲ್ಲ, ಬಸ್ಸು ಬರುವುದು ಮಧ್ಯಾಹ್ನಕ್ಕೆ. ಗಂಡು ಹುಡುಗರಾದರೆ ಗುಂಪು ಕಟ್ಟಿಕೊಂಡು ತಗಡು ಬಡಿಯುತ್ತ ನಡೆದಾರು. ಮೈ ನೆರೆದ ಹುಡುಗಿ? ನಾನು ಒಳಗೆ ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ನನ್ನನ್ನು ಸ್ಕೂಲಿನಿಂದ ಬಿಡಿಸಿದ್ದೂ ಇಂಥದ್ದೇ ಒಂದು ಜಗಲಿಯ ಮಾತು. ನೀವು ಬೀಡಿ ಆರಿಸಿ ಅಂದಿರಿ: "ನನ್ ಕಾರ್ನಲ್ಲಿ, ನನ್ ಬೆನ್ನಿಂದೆ ಕೂತು ಓಯ್ತಾಳೆ. ಅಪ್ಪನ ಬೆನ್ನಿಂದೆ ಕೂತ್ರೂ ತಪ್ಪಾ ದೊಡ್ಡಪ್ಪ?" ಮುದುಕ ಎಲೆಯಡಿಕೆ ಉಗಿದು ಎದ್ದು ಹೋದ. ಆ ಒಂದು ಮಾತಿಗೆ ನಿಮ್ಮ ಬಾಕಿ ತಪ್ಪುಗಳಲ್ಲಿ ಅರ್ಧ ಮನ್ನಾ ಮಾಡಿದ್ದೇನೆ. ಮಾರನೆಯ ದಿನದಿಂದ ರಾಜಿ, ಅವಳ ತಮ್ಮ ಶಿವು, ನಮ್ಮ ಹೊಲದ ಕೂಲಿ ಸಿದ್ದಿಯ ಮಗ ಮಾದ, ಮೂವರೂ ಹಿಂದಿನ ಸೀಟಿನಲ್ಲಿ. ಮಕ್ಕಳನ್ನು ಇಳಿಸಿ ನೀವು ಪೇಟೆಯಲ್ಲಿ ಬಾಡಿಗೆಗೆ ಕಾಯುತ್ತಿದ್ದಿರಿ. ಸೋಮವಾರ ಮಾತ್ರ ಮೂರು ಜಾಗವೂ ಖಾಲಿ. ಹೆಡ್‌ಮಾಸ್ತರರು ಹಾಜರಿ ಕೂಗುವಾಗ ನಗುತ್ತಿದ್ದರಂತೆ, "ಬಸವನ ಮಕ್ಕಳು ಇವತ್ತು ಬರೋದಿಲ್ಲ, ಮುಂದಿನ ಹೆಸರು ಓದೋಣ."

ಮೊದಲನೇ ಸಲ ಇನ್ಶೂರೆನ್ಸ್ ಕಟ್ಟಿ ಬಂದ ಸಂಜೆ ಅತ್ತೆಗೂ ನಿಮಗೂ ಆದ ಜಗಳ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. "ಸಾವ್ಗೆ ಮುಂಗಡ ಕೊಟ್ಟು ಕರೀತೀಯೇನ್ಲಾ?" ಅಂದರು ಅತ್ತೆ. ನೀವು, "ಅಯ್ಯೋ ಅವ್ವ, ಇದು ನನ್ ಸಾವ್ಗಲ್ಲ. ಕಾರು ಯಾರ್ಗಾದ್ರೂ ಗುದ್ದುದ್ರೆ ಅವ್ರಿಗೆ ಕೊಡಕ್ಕೆ. ಇಲ್ದಿದ್ರೆ ಸರ್ಕಾರ ಕಾರು ಬುಡಕ್ಕಿಲ್ಲ." "ಅಂಗಾದ್ರೆ ಗುದ್ದಬ್ಯಾಡ, ಕಾಸ್ ಉಳೀತದೆ." ನೀವು ಟವಲ್ಲು ಕೊಡವಿ ಹೊರಟುಬಿಟ್ಟಿರಿ. ಪ್ರತಿ ವರ್ಷ ಹುರುಳಿ ಮಾರಿದ ಕಾಸು ಅದಕ್ಕೇ ಹೋಗುತ್ತಿತ್ತು. ಮನೆಗೆ ಒಂದು ಸೀರೆ ಬರಲಿಲ್ಲ, ಸೂರಿನ ಹೆಂಚು ಬದಲಾಗಲಿಲ್ಲ. ಗೊಣಗುತ್ತಿದ್ದೆ, ನಿಜ. ಆದರೂ ಬೆಳಿಗ್ಗೆ ರಾಜಿಯ ಜಡೆ ಕಾರಿನ ಹಿಂದಿನ ಗಾಜಿನಲ್ಲಿ ಕಂಡು ಮರೆಯಾಗುವವರೆಗೂ ಬಾಗಿಲಲ್ಲಿ ನಿಂತಿರುತ್ತಿದ್ದೆ.

ಆ ಸೋಮವಾರ. ಬರೆಯದೆ ದಾಟಿಬಿಡೋಣ ಎಂದುಕೊಂಡೆ, ಆಗುತ್ತಿಲ್ಲ. ಕಾಮಾಲೆ ಹಿಡಿದು ನಿಮ್ಮ ಕಣ್ಣು ಅರಿಶಿನವಾಗಿತ್ತು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿ ಕುಡಿಸಿ ನನ್ನ ಕೈ ಹಸಿರಾಗಿತ್ತು. ಬೆಳಿಗ್ಗೆ ಬಚ್ಚಲಿಗೆ ಎದ್ದವರು ಗೋಡೆ ಹಿಡಿದು ಹಾಗೇ ಕುಸಿದಿರಿ. ನಾನು ಕೈ ಮುಗಿದೆ. ಚಾಮರಾಜನಗರದ ಆಸ್ಪತ್ರೆಗೆ ಈಗಲೇ ಹೋಗೋಣ, ಇನ್ಶೂರೆನ್ಸಿಗೂ ಇವತ್ತೇ ಕೊನೇ ದಿನ, ಹುರುಳಿಯ ಕಾಸು ನಿಮ್ಮ ಸೊಂಟದಲ್ಲೇ ಇದೆ, ಹಾಗೇ ಕಟ್ಟಿ ಬರೋಣ, ನಿಮ್ಮ ತಮ್ಮ ನಾಗಣ್ಣ ಓಡಿಸಲಿ ಎಂದೆ. ನೀವು ಕಣ್ಣು ಮುಚ್ಚಿಕೊಂಡೇ, "ಸ್ವಾಮಾರ ಕಣಮ್ಮಿ. ನಾಳೆ ಓಗನ" ಅಂದಿರಿ. ಅತ್ತೆಯೂ ಅದನ್ನೇ ಹೇಳಿದರು, "ನಾಳೆ ಓದ್ರಾಯ್ತು ಬುಡವ್ವ, ಒಂದಿನುಕ್ಕೆ ಏನಾದದು?" ಕಾರು ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕ ನಿಂತಿತ್ತು, ನಿಮ್ಮ ಹಾಸಿಗೆಯಿಂದ ಕಾಣುವಷ್ಟು ಹತ್ತಿರ.

ಮಂಗಳವಾರ ನಿಮ್ಮನ್ನು ಎತ್ತಿಕೊಂಡೇ ಕಾರಿಗೆ ಹಾಕಿದೆವು. ತೆರಕಣಾಂಬಿ ದಾಟುವಾಗ ಎಚ್ಚರ ಬಂದು ಸೊಂಟ ತಡವಿಕೊಂಡಿರಿ. "ಐಕ್ಳು ಇಸ್ಕೂಲ್ಗೆ ಓಗೋ ಕಾರಿನ ಕಾಸು ಕಣಮ್ಮಿ ಅದು, ಮುಟ್ಬ್ಯಾಡ." ಮುಟ್ಟಿದೆ. ಆಸ್ಪತ್ರೆಗೆ, ಔಷಧಿಗೆ, ಆಮೇಲೆ ಮಣ್ಣಿಗೆ, ಜಂಗಮರ ಊಟಕ್ಕೆ. ಒಂದು ದಿನ ಮೊದಲೇ ಬಂದಿದ್ದರೆ ಉಳಿಯುತ್ತಿದ್ದಿರೋ ಇಲ್ಲವೋ, ಡಾಕ್ಟರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿ ತಿಳಿದುಕೊಂಡಿದ್ದರೆ ಅತ್ತೆಯ ಮುಖವನ್ನು ದಿನಾ ಹೇಗೆ ನೋಡುತ್ತಿದ್ದೆ...

ನೀವು ಹೋದ ಮೇಲೆ ನಾಗಣ್ಣ ಒಂದು ದಿನ ಮಕ್ಕಳನ್ನು ಕೂರಿಸಿಕೊಂಡು ಹೋದ. ಗುಂಡ್ಲುಪೇಟೆಯಲ್ಲಿ ಪೊಲೀಸಿನವನು ತಡೆದು, ಇನ್ಶೂರೆನ್ಸ್ ಇಲ್ಲದೆ ಇನ್ನೊಂದು ಸಲ ಕಂಡರೆ ಕಾರು ಠಾಣೆಯಲ್ಲೇ ಉಳಿಯುತ್ತದೆ ಎಂದನಂತೆ. ಅಲ್ಲಿಗೆ ಮುಗಿಯಿತು. ಶಿವು ಬೇರೆ ಹುಡುಗರ ಜೊತೆ ನಡೆಯತೊಡಗಿದ, ಆನೆ ಕಂಡ ದಿನ ಅರ್ಧ ದಾರಿಯಿಂದ ವಾಪಸ್ಸು. ಮಾದನನ್ನು ಸಿದ್ದಿ ಸ್ಕೂಲು ಬಿಡಿಸಿ ಯಾರದೋ ಮನೆಯ ಆಡು ಕಾಯಲು ಕಳಿಸಿದಳು. ರಾಜಿ ಕೊಟ್ಟಿಗೆಗೆ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಪುಸ್ತಕ ಓದುತ್ತಿದ್ದಳು. ಯಾಕಮ್ಮಿ ಇಲ್ಲಿ ಎಂದರೆ, "ಇಲ್ಲಿ ಕೂತ್ರೆ ಓದಿದ್ದು ನೆನಪಿರ್ತದೆ ಕಣವ್ವ" ಅನ್ನುತ್ತಿದ್ದಳು. ನಿಮ್ಮ ದೊಡ್ಡಪ್ಪ ಮತ್ತೆ ಜಗಲಿಗೆ ಬಂದರು. ಬೇಗೂರಿನಲ್ಲಿ ಅಂಗಡಿ ಇಟ್ಟಿರುವ ಗಂಡು, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಒಂದು ಮಗು, ಯುಗಾದಿ ಕಳೆದ ಮೇಲೆ ಮಾಡಿಬಿಡೋಣ ಅಂದರು. ಈ ಸಲ ಬೀಡಿ ಆರಿಸಿ ಎದುರು ಮಾತಾಡಲು ಯಾರಿದ್ದರು? "ಪರೀಕ್ಷೆ ಬರೀಲಿ, ಆಮೇಲೆ ಮಾತು" ಎಂದು ನಾನೇ ಬಾಗಿಲ ಮರೆಯಿಂದ ಹೇಳಿದೆ. "ಏನ್ರಲ್ಲಿ ಓಯ್ತಾಳೆ ಪರೀಕ್ಸೆಗೆ? ಓಡೋ ಕಾರ್ನಲ್ಲಾ, ನಿಂತಿರೋ ಕಾರ್ನಲ್ಲಾ?" ಅಂದರು. ಕಾರನ್ನೇ ಮಾರಿಬಿಡು, ಮದುವೆ ಖರ್ಚಿಗಾಗುತ್ತದೆ ಎಂದೂ ಹೇಳಿದರು.

ಸಿಟ್ಟಾಗಬೇಡಿ, ಇನ್ನು ಮುಂದಿನದು ನಿಮ್ಮ ಕರಡಿಗೆಯ ವಿಷಯ. ನಿಮ್ಮಪ್ಪ ನಿಮ್ಮ ಕೊರಳಿಗೆ ಕಟ್ಟಿದ್ದ, ಲಿಂಗ ಇಡುವ ಬೆಳ್ಳಿಯ ಕರಡಿಗೆ. ಲಿಂಗ ನಿಮ್ಮ ಅಂಗೈಯಲ್ಲೇ ಮಣ್ಣಿಗೆ ಹೋಯಿತು, ಖಾಲಿ ಕರಡಿಗೆ ಮನೆಗೆ ಬಂತು. ಶಿವುವಿನ ದೀಕ್ಷೆಗೆ ಇರಲಿ ಎಂದು ಅತ್ತೆ ದೇವರ ಗೂಡಿನಲ್ಲಿ ಇಟ್ಟಿದ್ದರು. ನನ್ನ ಓಲೆ, ಬಳೆ ಕಾರು ಕೊಳ್ಳುವಾಗಲೇ ಹೋಗಿದ್ದವಲ್ಲ, ಮನೆಯಲ್ಲಿ ಮಾರುವಂಥದ್ದು ಅದೊಂದೇ. ಬಸ್ಸು ಹತ್ತಿ ಒಬ್ಬಳೇ ಚಾಮರಾಜನಗರಕ್ಕೆ ಹೋದೆ. ಬೆಳ್ಳಿ ಅಂಗಡಿಯವರು ತೂಗುವ ಮೊದಲು ಸಂದಿಯಲ್ಲಿ ಕೂತಿದ್ದ ವಿಭೂತಿಯನ್ನು ಉಗುರಿನಿಂದ ಕೆರೆದರು. ಊದಿಬಿಡಲು ಬಾಯಿ ಹತ್ತಿರ ತಂದರು. "ಊದಬೇಡಿ ಅಪ್ಪಾಜಿ" ಎಂದೆ. ಅವರು ನನ್ನ ಬರೀ ಹಣೆಯನ್ನು ನೋಡಿದರು, ಆ ವಿಭೂತಿಯನ್ನು ಚೀಟಿಯಲ್ಲಿ ಕಟ್ಟಿ ಕೊಟ್ಟರು. ಬೆಳ್ಳಿಯ ಕಾಸು ಇನ್ಶೂರೆನ್ಸಿಗೆ ಅಲ್ಲಿಂದಲ್ಲಿಗೆ ಆಯಿತು. ಏಜೆಂಟರು ಕಾರು ಯಾರ ಹೆಸರಿಗೆ ಅಂದಾಗ ನಿಮ್ಮ ಹೆಸರನ್ನು ಜೀವಮಾನದಲ್ಲಿ ಮೊದಲನೇ ಸಲ ಬಾಯಿ ಬಿಟ್ಟು ಹೇಳಿದೆ. ಇನ್ನು ಮುಂದೆ ನನ್ನ ಹೆಸರಿಗೆ ಅಂದೆ. ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆ ಅನ್ನುತ್ತಾರೆ, ಇನ್ನೇನು ಕಡಿಮೆಯಾಗಬೇಕು?

ಮನೆಗೆ ಬಂದಾಗ ಗೂಡು ಖಾಲಿ ಇರುವುದು ಅತ್ತೆಗೆ ಗೊತ್ತಾಗಿತ್ತು. ನಡುಮನೆಯಲ್ಲಿ ಎದೆ ಬಡಿದುಕೊಂಡರು. "ನನ್ ಮಗನ್ನ ಉಂಡೆ, ಅವ್ನ ಕರಡ್ಗೇನೂ ಮಾರ್ಕಂಡು ಬಂದ್ಬುಟ್ಟೆಯಲ್ಲೇ! ಮೊಮ್ಮಗನ ಕೊರಳ್ಗೆ ಏನ್ ಕಟ್ಲಿ ನಾನು?" ನಾನು ತಿರುಗಿ ಬೈಯಲು ಬಾಯಿ ತೆರೆದೆ. ಆ ಸೋಮವಾರ 'ಒಂದಿನುಕ್ಕೆ ಏನಾದದು' ಅಂದಿದ್ದು ಮರೆತುಹೋಯಿತಾ ಅತ್ತೆ ಎಂದು ಕೇಳಿಬಿಡಬೇಕು ಅನ್ನಿಸಿತು. ಅದರ ಬದಲು ಸೆರಗಿನ ಗಂಟು ಬಿಚ್ಚಿ ವಿಭೂತಿಯ ಚೀಟಿಯನ್ನು ಅವರ ಮುಂದೆ ಇಟ್ಟೆ. ಅತ್ತೆ ಅದನ್ನು ಎತ್ತಿಕೊಂಡು ಒಳಗೆ ಹೋದವರು ಎರಡು ದಿನ ನನ್ನ ಕೈಯ ಊಟ ಮುಟ್ಟಲಿಲ್ಲ.

ಶಿವು ಶನಿವಾರ ಸ್ಕೂಲಿನಿಂದ ಸುದ್ದಿ ತಂದ. ಪರೀಕ್ಷೆ ಶುರುವಾಗುವುದು ಸೋಮವಾರ. ಆ ಮಹಾದೇವನಿಗೆ ಬೇರೆ ವಾರ ಸಿಗಲಿಲ್ಲವೇ? ಭಾನುವಾರವೇ ಬಿಟ್ಟು ಬರೋಣವೆಂದರೆ ಗುಂಡ್ಲುಪೇಟೆಯಲ್ಲಿ ಹುಡುಗಿಯನ್ನು ಉಳಿಸಿಕೊಳ್ಳುವ ನಮ್ಮವರು ಯಾರಿದ್ದಾರೆ? ನಾಗಣ್ಣ ಭಾನುವಾರವೆಲ್ಲ ಕಾರಿನ ಕೆಳಗೆ ಮಲಗಿ, ಎಣ್ಣೆ ನೀರು ಹಾಕಿ, ಚಕ್ರಕ್ಕೆ ಗಾಳಿ ಹೊಡೆದು ಸಂಜೆಗೆ ಓಡುವ ಹಾಗೆ ಮಾಡಿದ. ಸೋಮವಾರ ಬೆಳಿಗ್ಗೆ ಬೀಗದ ಕೈಯನ್ನು ನನ್ನ ಮುಂದೆ ಇಟ್ಟು ತಲೆ ತಗ್ಗಿಸಿ ನಿಂತ. "ತೆಪ್ ತಿಳ್ಕಬ್ಯಾಡಿ ಅತ್ಗೆಮ್ಮ. ನಾಳೆಯಿಂದ ದಿನಾ ಬಿಟ್ಟು ಬತ್ತೀನಿ. ಸ್ವಾಮಾರ ಅಣ್ಣ ಮುಟ್ಟದಿದ್ನ ನಾನೆಂಗೆ ಮುಟ್ಲಿ?" ರಾಜಿ ತಲೆ ಬಾಚಿ, ಪೆನ್ನಿಗೆ ಮಸಿ ತುಂಬಿ, ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅಳಲಿಲ್ಲ. ಮುಂದೆ ನೀವು ಕೂರುತ್ತಿದ್ದ ಜಾಗವನ್ನೇ ನೋಡುತ್ತಿದ್ದಳು. ನನಗೆ ಓಡಿಸಲು ಬರುತ್ತದೆಯೇ? ನಾನು ಬೀಗದ ಕೈ ಎತ್ತಿಕೊಂಡೆ, ಹೊತ್ತು ಏರುತ್ತಿತ್ತು.

ಅತ್ತೆ ಒಳಗಿನಿಂದ ಬಂದರು. ಕೈಯಲ್ಲಿ ಆ ಚೀಟಿ ಇತ್ತು. ಯಾರ ಕಡೆಯೂ ನೋಡದೆ ಕಾರಿನ ಮುಂದೆ ಹೋಗಿ, ಮೂರು ಬೆರಳಲ್ಲಿ ವಿಭೂತಿ ಎಳೆದರು. ಗೆರೆ ಸೊಟ್ಟಗಾಯಿತು. "ಕಾರ್ ಅತ್ತು ನಾಗ" ಅಂದರು. ಅವನು, "ಅವ್ವ, ಬಸವನ ದಿನ..." ಎಂದ. ಆಗ ಅತ್ತೆ ಹೇಳಿದ್ದನ್ನು ಇಲ್ಲಿ ಹಾಗೇ ಬರೆಯುತ್ತಿದ್ದೇನೆ, ನಿಮಗೆ ತಲುಪಬೇಕಾದ ಮಾತು ಅದು. "ಎತ್ತಲ್ಲ ಕಣ್ಲಾ ಇದು. ಎತ್ತಾಗಿದ್ರೆ ಆವತ್ತು ನನ್ ಮಗ ಬಿದ್ದಿದ್ನ ಕಂಡು ಕಣ್ಣಿ ಕಿತ್ಕಂಡು ಬಾಗ್ಲಿಗೆ ಬತ್ತಿತ್ತು." ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಗಣ್ಣ ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡ.

ರಾಜಿ ಪರೀಕ್ಷೆ ಬರೆದಿದ್ದಾಳೆ. ಪಾಸೋ ಫೇಲೋ ಇನ್ನೂ ಗೊತ್ತಿಲ್ಲ. ಬೇಗೂರಿನವರು ಇನ್ನೂ ಕಾಯುತ್ತಿದ್ದಾರೆ, ನಿಮ್ಮ ದೊಡ್ಡಪ್ಪ ಜಗಲಿ ಬಿಟ್ಟಿಲ್ಲ. ಮಾದ ವಾಪಸ್ಸು ಬರಲಿಲ್ಲ, ಆಡು ಕಾಯುವುದಕ್ಕೆ ವರ್ಷದ ಕೂಲಿ ಮೊದಲೇ ಈಸಿಕೊಂಡಿದ್ದಾರಂತೆ. ಹಿಂದಿನ ಸೀಟಿನಲ್ಲಿ ಅವನ ಜಾಗ ಖಾಲಿ. ಮುಂದಿನ ವರ್ಷದ ಇನ್ಶೂರೆನ್ಸಿಗೆ ಹುರುಳಿ ಕೈ ಹಿಡಿಯದಿದ್ದರೆ ಮಾರಲು ಮನೆಯಲ್ಲಿ ಏನೂ ಉಳಿದಿಲ್ಲ. ಆದರೂ ಕೇಳಿ, ಈ ಮನೆಯ ಹೆಣ್ಣುಮಗು ನನ್ನ ಹಾಗೆ ಅರ್ಧಕ್ಕೆ ನಿಲ್ಲುವುದಿಲ್ಲ. ಜಗಲಿಯ ಮೇಲೆ ಕೂತವರಿಗೆ ಇನ್ನು ಬಾಗಿಲ ಮರೆಯಿಂದ ಉತ್ತರ ಕೊಡುವುದಿಲ್ಲ, ಎದುರಿಗೇ ಬಂದು ಕೊಡುತ್ತೇನೆ.

ಕೊನೆಗೆ ಒಂದು ಸುದ್ದಿ. ಹೇಳಿದರೆ ನಿಮಗೆ ನೋವಾಗುತ್ತದೆ, ಹೇಳದಿದ್ದರೆ ನನಗೆ. ಚಳಿಯ ದಿನ ಎಷ್ಟು ಸಲ ಹ್ಯಾಂಡಲ್ ತಿರುಗಿಸಿದರೂ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತಲ್ಲ ನಿಮ್ಮ ಕಾರು, ನೀವು ಬೈಯುತ್ತಿದ್ದಿರಲ್ಲ? ಆವತ್ತು ನಾಗಣ್ಣ ಮಹಾದೇವನಿಗೆ ಕೈ ಮುಗಿದು, ತಪ್ಪಾಯಿತು ಎಂದು ಗಲ್ಲ ತಟ್ಟಿಕೊಂಡು, ಹೆದರಿ ಹೆದರಿ ಹ್ಯಾಂಡಲ್ ತಿರುಗಿಸಿದ.

ಸೋಮವಾರವೇ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.